ಮೂರೂವರೆ ಎಕರೆಗೂ ಮೆಕ್ಕೆಜೋಳ ಅಂತಿದ್ದಾರೆ, ಅಕ್ಕಡಿ ಸಾಲಿಗೆ ಜಾಗ ಉಳಿಸೋದು ಹೇಗೆ?

ಹೊಸದುರ್ಗದ ಸೊಸೆ (ಮೇ 9, 2026)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಮೂರೂವರೆ ಎಕರೆ ಖುಷ್ಕಿ ಜಮೀನು, ಮಳೆ ಬಂದರೆ ಬೆಳೆ. ಪಹಣಿ ಮಾವನ ಹೆಸರಲ್ಲಿದೆ. ನಾನು 2015ರಲ್ಲಿ ಮದುವೆಯಾಗಿ ಬಂದಾಗ ಎರಡು ಎಕರೆ ರಾಗಿ, ಒಂದು ಎಕರೆ ಸಾವೆ, ಉಳಿದ ಅರ್ಧದಲ್ಲಿ ಹುರುಳಿ ಹಾಕುತ್ತಿದ್ದರು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು, ಅಂದರೆ ರಾಗಿ ನಡುವೆ ಅಲ್ಲಲ್ಲಿ ಬೇರೆ ಬೆಳೆಗಳ ಸಾಲು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಹರಳು, ಅಲ್ಲೊಂದು ಇಲ್ಲೊಂದು ಸಾಸಿವೆ. ಬಿತ್ತುವ ದಿನ ಮಾವ ಕೂರಿಗೆ ಹೊಡೆದರೆ ಅತ್ತೆ ಹಿಂದೆ ಹಿಂದೆ ನಡೆಯುತ್ತಾ ಬಿದಿರಿನ ಕೊಳವೆಗೆ ಅಕ್ಕಡಿ ಬೀಜ ಬಿಡುತ್ತಿದ್ದರು. ಯಾವ ಬೀಜ, ಎಷ್ಟು, ಯಾವ ಸಾಲಿಗೆ ಅಂತ ಮಾವ ಯಾವತ್ತೂ ಕೇಳಿದ್ದು ನಾನು ನೋಡಿಲ್ಲ. ರಾಗಿ ಅವರದ್ದು, ಅಕ್ಕಡಿ ಅತ್ತೆಯದ್ದು. ಯಾರೂ ಹೇಳಿ ಮಾಡಿದ್ದಲ್ಲ, ಹಾಗೇ ನಡೆದು ಬಂದಿತ್ತು.

2018ರಲ್ಲಿ ಒಂದು ಎಕರೆಗೆ ಮೆಕ್ಕೆಜೋಳ ಬಂತು. ಮೊದಲು ಹೋಗಿದ್ದು ಸಾವೆ. 2022ರಲ್ಲಿ ಅತ್ತೆ ತೀರಿಕೊಂಡರು. ಆ ವರ್ಷ ಬೀಜ ತೆಗೆದಿಡುವ ಮನಸ್ಸು ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಟ್ಟದ ಮಡಿಕೆಯಲ್ಲಿದ್ದ ಅವರೆಗೆ ಹುಳ ಬಿತ್ತು. ಬೂದಿ ಕಲಸಿ ಇಡಬೇಕಿತ್ತು, ನನಗೆ ಗೊತ್ತಿತ್ತು, ಆದರೂ ಇಡಲಿಲ್ಲ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ. ಹೋದ ವರ್ಷ ಎರಡೂವರೆ ಎಕರೆ ಮೆಕ್ಕೆಜೋಳ ಹಾಕಿದೆವು. ಈ ಸಲ ಪೂರ್ತಿ ಅದನ್ನೇ ಹಾಕೋಣ ಅಂತ ಮಾವ, ನಮ್ಮ ಮನೆಯವರು ಇಬ್ಬರೂ ಹೇಳುತ್ತಿದ್ದಾರೆ.

ಅವರ ಮಾತು ಸುಳ್ಳಲ್ಲ. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಹೆಣ್ಣಾಳಿಗೆ 350 ರೂಪಾಯಿ ಕೊಡಬೇಕು. ಮೆಕ್ಕೆಜೋಳವಾದರೆ ಔಷಧಿ ಹೊಡೆದರೆ ಕಳೆ ಮುಗಿಯಿತು. ವ್ಯಾಪಾರಿ ಕಣಕ್ಕೇ ಲಾರಿ ತರುತ್ತಾನೆ, ದುಡ್ಡು ಕೈಗೆ ಬರುತ್ತದೆ.

ಆದರೆ ನನ್ನ ಕಡೆಯ ಲೆಕ್ಕ ಬೇರೆ ಇದೆ. ಸಂಕ್ರಾಂತಿಯಿಂದ ಯುಗಾದಿವರೆಗೆ ಮನೆಗೆ ತಂದ ಬೇಳೆ, ಕಾಳು, ಎಣ್ಣೆ, ತರಕಾರಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. 4,610 ರೂಪಾಯಿ. ತೊಗರಿ ಬೇಳೆ ಒಂದೇ 11 ಕೆ.ಜಿ. ಹಿಂದೆ ಇದೇ ತಿಂಗಳಲ್ಲಿ ನಾವು ಬೇಳೆ ಕೊಂಡಿದ್ದೇ ಇಲ್ಲ. ಅವರೆಕಾಳು ಜನವರಿ ಪೂರ್ತಿ ಬರುತ್ತಿತ್ತು. ಹಿತಕಿದ ಬೇಳೆ ಸಾರು ತಿಂದು ತಿಂದು ಮಕ್ಕಳು ಬೇಜಾರು ಮಾಡಿಕೊಳ್ಳುತ್ತಿದ್ದರು. ಈಗ ವಾರದಲ್ಲಿ ಮೂರು ದಿನ ಟೊಮೆಟೊ ಸಾರು, ಅನ್ನ.

ಸೊಪ್ಪಿನ ವಿಷಯ ಇನ್ನೂ ದೊಡ್ಡದು. ಕಳೆ ಕೀಳುವಾಗ ಮಡಿಲು ತುಂಬ ಬೆರಕೆ ಸೊಪ್ಪು ಬರುತ್ತಿತ್ತು. ಅಣ್ಣೆ, ಹೊನಗೊನ್ನೆ, ಗೋಣಿ, ಕನ್ನೆ, ಕಿರುಕಸಾಲೆ. ಅದಕ್ಕೆ ಒಂದು ಪೈಸೆ ಖರ್ಚಿರಲಿಲ್ಲ. ಸಂಜೆ ಬಸ್ಸಾರು, ಮುದ್ದೆ. ಮೆಕ್ಕೆಜೋಳಕ್ಕೆ ಔಷಧಿ ಹೊಡೆದ ಹೊಲದಲ್ಲಿ ಅದು ಯಾವುದೂ ಇಲ್ಲ. ಬದುವಿನ ಮೇಲೆ ಇದ್ದರೂ ಕೀಳಲು ಭಯ.

ಫೆಬ್ರವರಿಯಲ್ಲಿ ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಮಗಳಿಗೆ ಏಳು ವರ್ಷ, ಹಿಮೋಗ್ಲೋಬಿನ್ 9.6. ನಾನೂ ಮಾಡಿಸಿದೆ, 9.9. ನಮ್ಮ ಮನೆಯವರದ್ದು 14. ಒಂದೇ ಮನೆ, ಒಂದೇ ಒಲೆ.

ನನ್ನ ಪ್ರಶ್ನೆಗಳು. ಮೆಕ್ಕೆಜೋಳದ ಜೊತೆಗೇ ಅಕ್ಕಡಿ ಹಾಕಲು ಆಗುತ್ತದಾ? ರಾಗಿಗೆ ಒಂದು ಎಕರೆಯಾದರೂ ಬಿಡಿ ಅಂತ ಮಾವನಿಗೆ ಯಾವ ರೀತಿ ಹೇಳಬೇಕು? ಜಗಳ ಬೇಡ, ಅವರು ಒಳ್ಳೆಯ ಮನುಷ್ಯ. ಹೊಲದ ಕೆಲಸ ಮುಕ್ಕಾಲು ಭಾಗ ಮಾಡುವವಳು ನಾನು, ಆದರೆ ಏನು ಬಿತ್ತಬೇಕು ಅನ್ನುವ ಮಾತು ಬಂದಾಗ ನಾನು ಒಳಗೆ ಟೀ ಕಾಯಿಸುತ್ತಿರುತ್ತೇನೆ.

ರಾಣೆಬೆನ್ನೂರು ರೈತ (ಮೇ 9)

ತಂಗೀ, ನಾನು ಹದಿನಾಲ್ಕು ವರ್ಷದಿಂದ ಗೋವಿನಜೋಳ ಬೆಳೆಯುವವನು. ನಿಮ್ಮ ಕಡೆ ಮೆಕ್ಕೆಜೋಳ ಅಂತೀರಿ. ನಿಮ್ಮ ಮಾವ ಹೇಳುವುದರಲ್ಲಿ ತಪ್ಪಿಲ್ಲ, ಆಳಿನ ಕಷ್ಟ ಎಲ್ಲರಿಗೂ ಒಂದೇ. ಆದರೆ ಗೋವಿನಜೋಳವನ್ನೇ ಪೂರ್ತಿ ನಂಬಿದವರ ಗತಿ ಹೋದ ವರ್ಷ ಏನಾಯಿತು ಅಂತ ಅವರಿಗೆ ನೆನಪಿಸಿ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ನವೆಂಬರಿನಲ್ಲಿ ನಾನು ಮಾರಿದ್ದು 1,750ಕ್ಕೆ. ಹಾವೇರಿ, ಗದಗ ಕಡೆ ರೈತರು ರಸ್ತೆಗೆ ಇಳಿದು ಕೂತಿದ್ದನ್ನು ನೀವೂ ನೋಡಿರುತ್ತೀರಿ. ಕೋಳಿ ಆಹಾರಕ್ಕೆ, ಎಥೆನಾಲಿಗೆ ಹೋಗುವ ಬೆಳೆ ಅದು. ದರ ಬಿದ್ದರೆ ಮನೆಗೆ ತಂದು ತಿನ್ನಲು ಆಗುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಹೌದು, ಜೊತೆಗೆ ತೊಗರಿ ಹಾಕಬಹುದು. ಆದರೆ ಕಳೆನಾಶಕ ಯಾವುದು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಜಾಸ್ತಿ ಜನ ಹೊಡೆಯುವುದು ಅಟ್ರಾಜಿನ್. ಅದು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ತೊಗರಿ, ಅವರೆ, ಅಲಸಂದೆ ಎಲ್ಲಾ ಅಗಲ ಎಲೆಯವೇ ಅಲ್ವಾ. ಹಾಗಾಗಿ ಅಟ್ರಾಜಿನ್ ಹೊಡೆದ ಹೊಲದಲ್ಲಿ ಅಕ್ಕಡಿ ಆಸೆ ಬಿಡಬೇಕು. ಅದರ ಬದಲು ಬಿತ್ತಿದ ಕೂಡಲೇ, ಮೊಳಕೆ ಬರುವ ಮೊದಲು, ಪೆಂಡಿಮೆಥಾಲಿನ್ ಹೊಡೆಯುತ್ತಾರೆ. ಅದು ಗೋವಿನಜೋಳಕ್ಕೂ ಬೇಳೆಕಾಳಿಗೂ ಆಗುತ್ತದೆ. ಆಮೇಲೆ ಸಾಲಿನ ನಡುವಿನ ಕಳೆಗೆ ಒಂದು ಸಲ ಎಡೆಕುಂಟೆ ಹೊಡೆದರೆ ಸಾಕು. ನಾನು ಆರು ಸಾಲು ಗೋವಿನಜೋಳಕ್ಕೆ ಒಂದು ಸಾಲು ತೊಗರಿ ಬಿಡುತ್ತೇನೆ. ಜೋಳ ಕಿತ್ತ ಮೇಲೂ ತೊಗರಿ ಹೊಲದಲ್ಲಿ ನಿಂತು ಜನವರಿಯವರೆಗೆ ಬರುತ್ತದೆ. ನಾಲ್ಕು ಜನರ ಮನೆಗೆ ವರ್ಷದ ಬೇಳೆ ಆಗುತ್ತದೆ.

ಒಂದು ವಿಷಯ ಮುಚ್ಚಿಡದೆ ಹೇಳುತ್ತೇನೆ. ಈ ತೊಗರಿ ಸಾಲು ನನ್ನ ಬುದ್ಧಿಯಲ್ಲ. ನನ್ನ ಹೆಂಡತಿ ಮೂರು ವರ್ಷ ಹೇಳಿದಳು, ನಾನು ಮೂರು ವರ್ಷ ಕೇಳಲಿಲ್ಲ.

ಮುಯ್ಯಾಳು, ತಿಪಟೂರು (ಮೇ 10)

ಅಕ್ಕ, ನಿಮ್ಮ ಮಾತು ಓದಿ ನಮ್ಮ ಮನೆಯದ್ದೇ ಕಥೆ ಅನ್ನಿಸಿತು. ಆದರೆ ಒಂದು ಪ್ರಶ್ನೆ ನಾನು ಕೇಳಲೇಬೇಕು. ಬೇಸರ ಮಾಡಿಕೊಳ್ಳಬೇಡಿ. ರಾಗಿ, ಅಕ್ಕಡಿ ವಾಪಸ್ ಬಂದರೆ ಆ ಕೆಲಸ ಯಾರ ತಲೆ ಮೇಲೆ ಬೀಳುತ್ತದೆ?

ಕಳೆ ಕೀಳುವವರು ನಾವು. ರಾಗಿ ಕೊಯ್ಯುವವರು ನಾವು. ಅವರೆ ಬಿಡಿಸುವವರು, ತೊಗರಿ ಬಡಿಯುವವರು, ಬೀಜ ಕೇರಿ ಬೂದಿ ಹಾಕಿ ಇಡುವವರು, ಆಮೇಲೆ ಅಡುಗೆ ಮಾಡುವವರೂ ನಾವೇ. ಮಹಿಳೆಯರನ್ನು ಕೃಷಿಯಲ್ಲಿ ತೊಡಗಿಸಬೇಕು ಅಂತ ವೇದಿಕೆ ಮೇಲೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ನಾವು ತೊಡಗಿಯೇ ಇದ್ದೇವೆ, ಬೆನ್ನು ನೋಯುವಷ್ಟು. ನಮಗೆ ಬೇಕಾಗಿರುವುದು ಕೆಲಸ ಅಲ್ಲ, ಮಾತು. ಮತ್ತೆ ಕೆಲಸ ಹಗುರ ಆಗುವ ದಾರಿ. ರಕ್ತ ಕಡಿಮೆ ಇರುವ ನೀವು ಇನ್ನೂ ಒಂದು ಎಕರೆ ಕಳೆ ಕಿತ್ತರೆ 9.9 ಮೇಲೆ ಹೋಗುವುದಿಲ್ಲ, ಸುಸ್ತು ಮಾತ್ರ ಜಾಸ್ತಿ ಆಗುತ್ತದೆ.

ಹಾಗಾಗಿ ಮಾವನ ಹತ್ತಿರ ಮಾತಾಡುವಾಗ ಬೆಳೆ ಒಂದೇ ಕೇಳಬೇಡಿ, ಕೆಲಸ ಹಂಚಿಕೆಯನ್ನೂ ಕೇಳಿ. ನಾವು ಮಾಡಿದ್ದು ಹೀಗೆ. ರಾಗಿಯನ್ನು ಚೆಲ್ಲಲಿಲ್ಲ, ಸಾಲಿನಲ್ಲಿ ಹಾಕಿದೆವು. ಸಾಲಿದ್ದರೆ ಸೈಕಲ್ ಕುಂಟೆ ಹೊಡೆಯಬಹುದು, ನಿಂತುಕೊಂಡೇ ಹೊಡೆಯಬಹುದು, ಗಂಡಸರೂ ಹೊಡೆಯುತ್ತಾರೆ! ಕೂತು ಕಳೆ ಕೀಳುವುದು ಹೆಂಗಸರ ಕೆಲಸ, ಯಂತ್ರ ತಳ್ಳುವುದು ಗಂಡಸರ ಕೆಲಸ ಅಂತ ಯಾರು ಬರೆದರೋ ಗೊತ್ತಿಲ್ಲ, ಆದರೆ ಅದರಿಂದ ನನಗೆ ಹನ್ನೆರಡು ದಿನದ ಕೆಲಸ ಉಳಿಯಿತು. ಇನ್ನು ಕೊಯ್ಲಿಗೆ ಮುಯ್ಯಿ. ನಾವು ಐದು ಮನೆಯವರು ಒಬ್ಬರ ಹೊಲಕ್ಕೆ ಒಬ್ಬರು ಹೋಗುತ್ತೇವೆ, ಕೂಲಿ ಕೊಡುವ ಮಾತಿಲ್ಲ.

ರಾಗಿ ಕೊಯ್ಯುವ ಮಷಿನ್ ಕರೆಸುವ ಯೋಚನೆ ಇದ್ದರೆ ಅಕ್ಕಡಿ ಹೊಲದ ನಡುವೆ ಎಲ್ಲೆಂದರಲ್ಲಿ ಬೇಡ. ಮಷಿನ್ ನಿಂತ ಅವರೆಯನ್ನೂ ಕೊಯ್ದುಕೊಂಡು ಹೋಗುತ್ತದೆ. ಮಷಿನ್ ಅಗಲ ನೋಡಿಕೊಂಡು ಪಟ್ಟಿ ಪಟ್ಟಿಯಾಗಿ ಬಿಡಿ.

ಸೊಪ್ಪಿಗೆ ಮಾತ್ರ ಹೊಲ ಕಾಯಬೇಡಿ. ಬಚ್ಚಲ ನೀರು ಹೋಗುವ ಕಡೆ ಎರಡು ನುಗ್ಗೆ ಕೊಂಬೆ ನೆಡಿ, ಬಸಳೆ ಬಳ್ಳಿ ಹಬ್ಬಿಸಿ, ಒಂದು ಚಕ್ರಮುನಿ, ಒಂದು ಪರಂಗಿ. ಇದಕ್ಕೆ ಯಾರ ಒಪ್ಪಿಗೆಯೂ ಬೇಡ. ನಾಳೆಯೇ ಮಾಡಿ.

ಹೊಸದುರ್ಗದ ಸೊಸೆ (ಮೇ 10)

ಬೇಸರ ಇಲ್ಲ ಅಕ್ಕ. ನೀವು ಕೇಳಿದ್ದನ್ನು ನಾನು ಕೇಳಿಕೊಂಡೇ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ದುಡ್ಡಿನ ಲೆಕ್ಕ ಬರೆದೆ, ನನ್ನ ದಿನಗಳ ಲೆಕ್ಕ ಬರೆಯಲಿಲ್ಲ.

ನುಗ್ಗೆ ಕೊಂಬೆ ಪಕ್ಕದ ಮನೆಯಲ್ಲಿದೆ. ಇವತ್ತೇ ಕೇಳುತ್ತೇನೆ.

ನಿವೃತ್ತ ಕೃಷಿ ಸಹಾಯಕ (ಮೇ 11)

ತಾಯಿ, ನಾನು ಮೂವತ್ತೊಂದು ವರ್ಷ ಹಳ್ಳಿ ಹಳ್ಳಿ ತಿರುಗಿ ತರಬೇತಿ ಮಾಡಿಸಿದವನು. ನಿಮ್ಮ ಮೊದಲ ಬರಹದ ಕೊನೆಯ ಸಾಲು, ಆ ಟೀ ಕಾಯಿಸುವ ಮಾತು ಓದಿ ನನಗೆ ಒಂದು ದಿನ ನೆನಪಾಯಿತು. ಬೇಳೆಕಾಳಿನ ಬೀಜಕ್ಕೆ ರೈಜೋಬಿಯಂ, ಅಂದರೆ ಗಿಡಕ್ಕೆ ಸಾರಜನಕ ಒದಗಿಸುವ ಸೂಕ್ಷ್ಮಜೀವಿಯ ಪುಡಿ, ಲೇಪಿಸುವ ತರಬೇತಿ. ಬೆಲ್ಲದ ನೀರು ಮಾಡಿ, ಪುಡಿ ಕಲಸಿ, ಬೀಜಕ್ಕೆ ಹಗುರವಾಗಿ ಸವರಿ, ನೆರಳಲ್ಲಿ ಒಣಗಿಸಬೇಕು. ನಲವತ್ತು ಜನ ಗಂಡಸರು ಚಾವಡಿಯಲ್ಲಿ ಕೂತು ಕೇಳಿದರು. ಊಟ ಬಡಿಸಿದವರು ಹೆಂಗಸರು. ವಾರ ಬಿಟ್ಟು ಹೋದಾಗ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಲೇಪಿಸಿದ ಬೀಜವನ್ನು ಅಂಗಳದ ಬಿಸಿಲಲ್ಲಿ ಹರಡಿದ್ದರು. ಬಿಸಿಲಿಗೆ ಆ ಸೂಕ್ಷ್ಮಜೀವಿ ಸತ್ತು ಹೋಗುತ್ತದೆ. ತಪ್ಪು ಅಜ್ಜಿಯದ್ದಲ್ಲ. ಬೀಜ ಮುಟ್ಟುವವರನ್ನು ಬಿಟ್ಟು ಮುಟ್ಟದವರಿಗೆ ನಾನು ಪಾಠ ಮಾಡಿದ್ದೆ. ಪಟ್ಟಿಯಲ್ಲಿ ಪಹಣಿ ಇದ್ದವರ ಹೆಸರಿತ್ತು, ಅವರನ್ನು ಕರೆದೆ. ಅಷ್ಟೇ ನಾನು ಯೋಚಿಸಿದ್ದು. ಅದಾದ ಮೇಲೆ ಬೀಜದ ತರಬೇತಿಗಳನ್ನು ಮನೆ ಜಗಲಿಯಲ್ಲೇ ಮಾಡಿದೆ, ಮಧ್ಯಾಹ್ನ ಮೂರರ ಮೇಲೆ, ಹೆಂಗಸರಿಗೆ ಬಿಡುವಾಗುವ ಹೊತ್ತಿಗೆ.

ಪಹಣಿ ಮಾತು ಬಂತಲ್ಲ, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವುದು ನೂರಕ್ಕೆ ಸುಮಾರು 14. ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿ ಜಮೀನು ಯಾರ ಹೆಸರಲ್ಲಿದೆಯೋ ಅವರ ಖಾತೆಗೆ. ಬೆಂಬಲ ಬೆಲೆಗೆ ರಾಗಿ ಕೊಡಬೇಕಾದರೆ ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಬೇಕು, ಅದೂ ಜಮೀನಿಗೇ ಕಟ್ಟಿದ್ದು. ಹಾಗಾಗಿ ದಿನಾ ಹೊಲದಲ್ಲಿರುವವರು ಕಾಗದದಲ್ಲಿ ಇರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಒಂದು ಲೆಕ್ಕ ಕೊಟ್ಟಿತ್ತು. ಗಂಡಸರಿಗೆ ಸಿಗುವಷ್ಟೇ ಬೀಜ, ಗೊಬ್ಬರ, ಸಾಲ, ತರಬೇತಿ ಹೆಂಗಸರಿಗೂ ಸಿಕ್ಕರೆ ಅವರ ಹೊಲದ ಇಳುವರಿ ನೂರಕ್ಕೆ 20ರಿಂದ 30ರಷ್ಟು ಹೆಚ್ಚಬಹುದು ಅಂತ. ಈ 2026ನ್ನು ರೈತ ಮಹಿಳೆಯರ ಅಂತಾರಾಷ್ಟ್ರೀಯ ವರ್ಷ ಅಂತಲೂ ವಿಶ್ವಸಂಸ್ಥೆ ಘೋಷಿಸಿದೆ. ಆ ವರ್ಷದಲ್ಲೂ ನಿಮಗೆ ಒಂದು ಎಕರೆ ಕೇಳಿ ಪಡೆಯಬೇಕಾಗಿದೆ ಅನ್ನುವುದು ನನಗೆ ನೋವಿನ ವಿಷಯ.

ನಿಮ್ಮ ಮಾವ ಇರುವಾಗಲೇ ಗಂಡ ಹೆಂಡತಿ ಇಬ್ಬರ ಹೆಸರಿಗೂ ಒಂದು ಭಾಗ ದಾನಪತ್ರ ಮಾಡಿಸಲು ಸಾಧ್ಯವಿರಬಹುದು. ಆದರೆ ಅದನ್ನು ಈಗಲೇ ಎತ್ತಬೇಡಿ, ಬೆಳೆಯ ಮಾತು ಕೆಟ್ಟುಹೋಗುತ್ತದೆ. ಇನ್ನೊಂದು, ನಿಮ್ಮ ತವರಿನ ಪಿತ್ರಾರ್ಜಿತ ಜಮೀನಿನಲ್ಲಿ ನಿಮಗೂ ಅಣ್ಣತಮ್ಮಂದಿರಷ್ಟೇ ಪಾಲಿದೆ. ನಮ್ಮ ರಾಜ್ಯದಲ್ಲಿ 1994ರಲ್ಲೇ ಆ ಕಾನೂನು ಬಂತು, ದೇಶಕ್ಕೆಲ್ಲಾ 2005ರಲ್ಲಿ. ಯಾರಾದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ಓದದೆ ಹಾಕಬೇಡಿ.

ಈಗ ಮಾವನಿಗೆ ಹೇಳುವ ಲೆಕ್ಕ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮೆಕ್ಕೆಜೋಳದ ಎರಡರಷ್ಟು. ಅದಕ್ಕಿಂತ ಮುಖ್ಯ, ರಾಗಿಯನ್ನು ಸರ್ಕಾರ ಪಡಿತರಕ್ಕಾಗಿ ಖರೀದಿ ಮಾಡುತ್ತದೆ. ಮಳೆ ಆಶ್ರಯದಲ್ಲಿ ಎಕರೆಗೆ ಎಂಟು ಕ್ವಿಂಟಲ್ ಬಂದು, ಮೂರು ಮನೆಗೆ ಇಟ್ಟುಕೊಂಡು, ಐದು ಕೊಟ್ಟರೂ 24,000 ರೂಪಾಯಿ ದಾಟುತ್ತದೆ. ಹುಲ್ಲು ದನಕ್ಕೆ. ಮೆಕ್ಕೆಜೋಳದ ದಂಟು ನಿಮ್ಮ ದನ ಎಷ್ಟು ತಿನ್ನುತ್ತದೆ ಅಂತ ನಿಮಗೇ ಗೊತ್ತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇದು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡಿದ ಪದ್ಧತಿ. ಆ ಎರಡು ಸಾಲಿನಲ್ಲೇ ಅವರೆಯನ್ನೂ ಸೇರಿಸಿ. ಹೊಲದ ಅಂಚಿಗೆ ಹುಚ್ಚೆಳ್ಳು ಇರಲಿ. ದನ ಅದನ್ನು ಮುಟ್ಟುವುದಿಲ್ಲ, ಬೇಲಿಯ ಹಾಗೆ ನಿಲ್ಲುತ್ತದೆ. ಜೇನು ಬರುತ್ತದೆ, ತೊಗರಿ ಹೂವಿಗೂ ಒಳ್ಳೆಯದು.

ಅಂಗನವಾಡಿ ಟೀಚರ್ (ಮೇ 11)

ಅಕ್ಕ, ಮಗಳ 9.6 ಬಗ್ಗೆ ಮೊದಲು. ಏಳು ವರ್ಷದ ಮಗುವಿಗೆ 11.5 ಇರಬೇಕು. ಹೊಲದಲ್ಲಿ ಅವರೆ ಬರುವವರೆಗೆ ಕಾಯಬೇಡಿ, ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ಅದು ರಕ್ತಹೀನತೆ ಬರದ ಹಾಗೆ ತಡೆಯಲು. ಈಗಾಗಲೇ ಕಡಿಮೆ ಇದ್ದರೆ ಡಾಕ್ಟರ್ ಬೇರೆ ಪ್ರಮಾಣದಲ್ಲಿ ಕೊಡುತ್ತಾರೆ. ಜಂತುಹುಳದ ಮಾತ್ರೆ ಕೊಟ್ಟಿದ್ದಾರಾ ಕೇಳಿ. ಹೊಟ್ಟೆಯಲ್ಲಿ ಹುಳ ಇದ್ದರೆ ಎಷ್ಟು ತಿಂದರೂ ರಕ್ತ ಏರುವುದಿಲ್ಲ. ನಿಮಗೂ ಮಾತ್ರೆ ಬೇಕು. ನೀವು ಒಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65.5.

ಊಟದಲ್ಲಿ ಸಣ್ಣ ಸಣ್ಣ ವಿಷಯಗಳು. ಮುದ್ದೆಯ ರಾಗಿ ಚೆನ್ನಾಗಿದೆ, 100 ಗ್ರಾಮಿನಲ್ಲಿ 340 ಮಿಲಿಗ್ರಾಮಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಹತ್ತಿರ. ಆದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತಬೇಕಾದರೆ ಜೊತೆಗೆ ವಿಟಮಿನ್ ಸಿ ಇರುವ ಹುಳಿ ಹಣ್ಣು ಬೇಕು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ. ನೆಲ್ಲಿಕಾಯಿ ಸಿಗುವ ಕಾಲಕ್ಕೆ ಅದನ್ನೇ ಕೊಡಿ. ಕಾಳನ್ನು ಮೊಳಕೆ ಕಟ್ಟಿ ಮಾಡಿ. ಊಟದ ಜೊತೆ ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಮೊಟ್ಟೆ ತಿನ್ನುವವರಾದರೆ ಎರಡು ನಾಟಿ ಕೋಳಿ ಸಾಕಿ.

ಇನ್ನು ನೀವು ಬರೆದ ಒಂದೇ ಮನೆ, ಒಂದೇ ಒಲೆ ಅನ್ನುವ ಮಾತು. ಗಂಡಸರಿಗೆ ರಕ್ತ ಹೋಗುವ ಕಾರಣಗಳು ಕಡಿಮೆ, ಅದು ಒಂದು. ಇನ್ನೊಂದನ್ನು ನಾನು ಮನೆ ಭೇಟಿಯಲ್ಲಿ ದಿನಾ ನೋಡುತ್ತೇನೆ. ಕೊನೆಗೆ ಊಟ ಮಾಡುವವರ ತಟ್ಟೆಯಲ್ಲಿ ಸಾರಿನ ತಿಳಿ ಇರುತ್ತದೆ, ತಳದ ಕಾಳು ಇರುವುದಿಲ್ಲ. ನಾಳೆಯಿಂದ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ. ನೀವೂ ಕೂತುಕೊಳ್ಳಿ. ಮಗಳ ಪಕ್ಕ.

ಕುಂದಗೋಳ ಕಡೆಯವಳು (ಮೇ 13)

ಎಲ್ಲರೂ ರಾಗಿ ಬಗ್ಗೆಯೇ ಹೇಳಿದರು. ನಾನು ಸಾವಿ ಬಗ್ಗೆ ಹೇಳುತ್ತೇನೆ, ನೀವು ಸಾವೆ ಅನ್ನುವ ಸಿರಿಧಾನ್ಯ. ನಿಮ್ಮ ಮನೆಯಲ್ಲಿ ಮೊದಲು ಹೋಗಿದ್ದು ಅದೇ ಅಂತ ಬರೆದಿದ್ದೀರಿ. ಎಲ್ಲಾ ಕಡೆ ಮೊದಲು ಹೋಗಿದ್ದು ಅದೇ, ಯಾಕೆ ಗೊತ್ತಾ? ರಾಗಿಯನ್ನು ಹಾಗೇ ಬೀಸಬಹುದು. ಸಾವಿ, ನವಣಿಗೆ ಗಟ್ಟಿ ಸಿಪ್ಪೆ. ಅದನ್ನು ಕುಟ್ಟಿ, ಕೇರಿ, ಮತ್ತೆ ಕುಟ್ಟಿ ಅಕ್ಕಿ ಮಾಡಬೇಕು. ನಮ್ಮ ಅವ್ವ ನಸುಕಿನಲ್ಲಿ ಎದ್ದು ಒನಕೆ ಹಿಡಿಯುತ್ತಿದ್ದಳು. ಪಡಿತರದ ಅಕ್ಕಿ ಬಂದ ಮೇಲೆ ಅವಳು ಒನಕೆ ಕೆಳಗಿಟ್ಟಳು. ಅವಳು ಮಾಡಿದ್ದು ಸರಿ. ಅವಳ ರಟ್ಟೆಗೆ ಅಷ್ಟಾದರೂ ವಿಶ್ರಾಂತಿ ಬೇಕಿತ್ತು.

ಹಾಗಾಗಿ ಸಿರಿಧಾನ್ಯ ತಿನ್ನಿ ಅಂತ ಹೇಳುವುದಕ್ಕೆ ಮೊದಲು ಸಿಪ್ಪೆ ತೆಗೆಯುವ ಯಂತ್ರ ಊರಿಗೆ ಬರಬೇಕು. ನಮ್ಮ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಅದನ್ನೇ ಮಾಡಿದರು. ಬೀಜ ಬ್ಯಾಂಕು ಮಾಡಿ ನಾಟಿ ತಳಿಗಳನ್ನು ರೈತರಿಗೆ ಕೊಟ್ಟರು, ಸಿರಿಧಾನ್ಯ ಸಂಸ್ಕರಣೆಯ ಘಟಕವನ್ನು ತಾವೇ ನಡೆಸುತ್ತಿದ್ದಾರೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಬಿತ್ತಿ ಬೆಳೆಯುವುದರ ಜೊತೆಗೆ ಬೀಜ, ಯಂತ್ರ, ಮಾರಾಟ ಮೂರೂ ಹೆಣ್ಣುಮಕ್ಕಳ ಕೈಯಲ್ಲೇ ಇರುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಸುಮ್ನೆ ಹೆಮ್ಮೆಗೆ ಹೇಳುತ್ತಿಲ್ಲ. ನಿಮ್ಮ ಊರಿನ ಸಂಘದಲ್ಲಿ ಹತ್ತು ಜನ ಇದ್ದರೆ ಒಂದು ಸಣ್ಣ ಯಂತ್ರದ ಬಗ್ಗೆ ಮಾತಾಡಿ. ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ.

ಹೊಸದುರ್ಗದ ಸೊಸೆ (ಜುಲೈ 12)

ಎರಡು ತಿಂಗಳು ಬರೆಯಲು ಆಗಲಿಲ್ಲ, ಕ್ಷಮಿಸಿ.

ಮೊದಲು ಮಗಳ ಸುದ್ದಿ. ಡಾಕ್ಟರ್ ಕೊಟ್ಟ ಮಾತ್ರೆ ದಿನಾ ತಪ್ಪಿಸದೆ ಕೊಟ್ಟೆ. ಜಂತುಹುಳದ ಮಾತ್ರೆಯನ್ನೂ ಅವರು ಅಲ್ಲೇ ಕೊಟ್ಟರು. ಹೋದ ವಾರ ನೋಡಿದಾಗ 10.8. ನನ್ನದು 10.7. ಟೀಚರ್ ಅಕ್ಕ, ರಾತ್ರಿ ಊಟಕ್ಕೆ ಈಗ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಮೊದಲ ದಿನ ನಾನು ಕೂತಾಗ ಮಾವ ಏನೂ ಹೇಳಲಿಲ್ಲ. ಎರಡನೇ ದಿನ ನಾನು ಬರುವುದು ತಡವಾಯಿತು, ಅವರು ಕೈ ತೊಳೆದುಕೊಂಡು ಕಾಯುತ್ತಾ ಕೂತಿದ್ದರು.

ಹೊಲದ ಮಾತು. ನಾನು ನೋಟ್‌ಬುಕ್ ತೋರಿಸಿದೆ. ದುಡ್ಡಿನ ಲೆಕ್ಕ ಮೊದಲೇ ಇತ್ತು, ತಿಪಟೂರಿನ ಅಕ್ಕ ಹೇಳಿದ ಮೇಲೆ ನನ್ನ ಕೆಲಸದ ದಿನಗಳನ್ನೂ ಬರೆದಿದ್ದೆ. ಮೆಕ್ಕೆಜೋಳದ ಎರಡೂವರೆ ಎಕರೆಗೆ ಹೋದ ವರ್ಷ ನಾನು 41 ದಿನ ಕೆಲಸ ಮಾಡಿದ್ದೇನೆ. ನೆನಪು ಮಾಡಿಕೊಂಡು ಬರೆದದ್ದು, ಒಂದೆರಡು ಹೆಚ್ಚು ಕಡಿಮೆ ಇರಬಹುದು. ನಮ್ಮ ಮನೆಯವರು ಅದನ್ನು ಎರಡು ಸಲ ಓದಿದರು. ಮಾವ ಬೆಂಬಲ ಬೆಲೆಯ ಮಾತಿಗೆ ತಲೆದೂಗಿದರು, ಆದರೆ ರಾಗಿ ಕೊಯ್ಲಿನ ಕಷ್ಟ ನಿನಗೇನು ಗೊತ್ತು ಅಂದರು. ನಾನು ಮುಯ್ಯಿ ಮಾತು ಹೇಳಿದೆ. ನಮ್ಮ ಬೀದಿಯಲ್ಲಿ ನಾಲ್ಕು ಮನೆ ಒಪ್ಪಿವೆ. ಆಮೇಲೆ ಅವರು ತುಂಬ ಹೊತ್ತು ಸುಮ್ಮನಿದ್ದು, ನಿಮ್ಮತ್ತೆ ಇದ್ದಿದ್ದರೆ ಪೂರ್ತಿ ಮೆಕ್ಕೆಜೋಳ ಹಾಕಲು ಬಿಡುತ್ತಿರಲಿಲ್ಲ ಅಂದರು.

ಒಂದೂಕಾಲು ಎಕರೆ ರಾಗಿಗೆ ಸಿಕ್ಕಿತು. ಉಳಿದ ಎರಡೂಕಾಲು ಮೆಕ್ಕೆಜೋಳ ಜೂನಿನಲ್ಲೇ ಆಯಿತು. ಅದರಲ್ಲಿ ಆರು ಸಾಲಿಗೊಂದು ತೊಗರಿ ಇದೆ, ರಾಣೆಬೆನ್ನೂರಿನ ಅಣ್ಣ ಹೇಳಿದ ಹಾಗೆ. ಔಷಧಿ ಅಂಗಡಿಯವರು ಅಟ್ರಾಜಿನ್ನೇ ಕೊಡಲು ನೋಡಿದರು, ನಮ್ಮ ಮನೆಯವರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಿಂದ ಬದಲಾಯಿಸಿ ತಂದರು. ಈಗ ತೊಗರಿ ಗೇಣುದ್ದ ಬಂದಿದೆ. ಕೆಲವು ಕಡೆ ಸಾಲು ತಪ್ಪಿದೆ, ಮುಂದಿನ ಸಲ ಸರಿ ಮಾಡುತ್ತೇವೆ.

ಬೀಜಕ್ಕೆ ತವರಿಗೆ ಹೋಗಿದ್ದೆ. ಚಿಕ್ಕಮ್ಮನ ಹತ್ತಿರ ನಾಟಿ ಅವರೆ ಎರಡು ಸೇರು, ಅಲಸಂದೆ ಒಂದು ಸೇರು ಸಿಕ್ಕಿತು. ನಿವೃತ್ತ ಸರ್ ಹೇಳಿದ ಬಿಡುಗಡೆ ಪತ್ರದ ವಿಷಯ ಅಲ್ಲೇ ಕೇಳಿದೆ. ಮದುವೆಯಾದ ಮರುವರ್ಷ ನಾನು ಸಹಿ ಹಾಕಿ ಆಗಿಹೋಗಿದೆ. ಓದಿರಲಿಲ್ಲ. ಅದರ ಬಗ್ಗೆ ಬೇರೆ ಕೇಳುತ್ತೇನೆ ಸರ್, ಇವತ್ತು ಬೇಡ.

ರೈಜೋಬಿಯಂ ಲೇಪಿಸಿ ನಡುಮನೆಯ ನೆರಳಲ್ಲಿ ಒಣಗಿಸಿದ್ದೇನೆ. ಮಗಳು ಹತ್ತಿರ ಬಂದವರಿಗೆಲ್ಲಾ ಬಿಸಿಲಿಗೆ ಹಾಕಬೇಡಿ ಅಂತ ಹೇಳುತ್ತಿದ್ದಾಳೆ. ಪುನರ್ವಸು ಮಳೆ ಬಿದ್ದಿದೆ, ನೆಲ ಹದಕ್ಕೆ ಬರುತ್ತಿದೆ. ಗುರುವಾರ ಬಿತ್ತನೆ. ಮಾವ ಕೂರಿಗೆ ತೊಳೆದು ಇಟ್ಟಿದ್ದಾರೆ. ಅತ್ತೆಯ ಬಿದಿರಿನ ಕೊಳವೆ ಸೀಳಿಹೋಗಿತ್ತು, ಹೊಸದನ್ನು ಅವರೇ ಮಾಡಿಕೊಟ್ಟರು.

ಹುಚ್ಚೆಳ್ಳು ಮಾತ್ರ ಎಲ್ಲೂ ಸಿಗಲಿಲ್ಲ. ಯಾರ ಹತ್ತಿರವಾದರೂ ನಾಟಿ ಬೀಜ ಇದೆಯಾ? ಅಂಚಿಗೆ ಹಾಕಲು ಅರ್ಧ ಪಾವು ಸಾಕು.

ಮುಯ್ಯಾಳು, ತಿಪಟೂರು (ಜುಲೈ 12)

ನಮ್ಮಲ್ಲಿದೆ ಅಕ್ಕ, ಹೋದ ವರ್ಷದ್ದು, ಮೊಳಕೆ ಪರೀಕ್ಷೆ ಮಾಡಿದ್ದೇನೆ. ನಾಡಿದ್ದು ನಮ್ಮವರು ಹೊಸದುರ್ಗದ ಸಂತೆಗೆ ಕಾಯಿ ತೆಗೆದುಕೊಂಡು ಬರುತ್ತಾರೆ. ಸಂದೇಶ ಕಳಿಸಿದ್ದೇನೆ ನೋಡಿ. ಒಂದು ಪಾವು ಕಟ್ಟಿಕೊಡುತ್ತೇನೆ, ಅರ್ಧ ಪಾವು ಪಕ್ಕದ ಮನೆಯವರಿಗೆ ಕೊಡಿ, ನುಗ್ಗೆ ಕೊಂಬೆ ಕೊಟ್ಟರಲ್ಲ ಅವರಿಗೆ.